ತೆರೆಯಲಾರದ ಭೂಪಟಗಳು

ಶೃಂಗೇರಿ ಮಠದ ಭಂಡಾರದಲ್ಲಿ ‘ಕಡತ’ಗಳೆಂಬ ಹಳೆಯ ದಾಖಲೆಗಳುಂಟು. ಹುಣಿಸೆಬೀಜದ ಅಂಟಿನೊಡನೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕಪ್ಪು ಮೈಮೇಲೆ ಬಳಪದಿಂದ ಬರೆದ ಪತ್ರಗಳಿವು. ಒದ್ದೆಯ ಕೈ ಸೋಕಿದರೆ ಅಳಿಸಿಹೋಗಬಹುದಾದ ಬರವಣಿಗೆ. ಆದರೂ ತಲೆಮಾರುಗಳನ್ನು ದಾಟಿ ಬಂದಿದೆ. ಸಂಶೋಧಕರು ಅದನ್ನು ಓದಿ, ಆಯ್ದ ಭಾಗಗಳನ್ನು ಅಚ್ಚಿಗೂ ತಂದಿದ್ದಾರೆ. ಬಟ್ಟೆ ಗಟ್ಟಿಯಾಗಿದ್ದುದು ಅರ್ಧ ಕಾರಣ. ಬರೆದವನ ಲಿಪಿ ಓದುವವನಿಗೆ ತಿಳಿದಿದ್ದುದು ಇನ್ನರ್ಧ. ಈ ಇನ್ನರ್ಧದ ಬೆಲೆಯೇನೆಂಬುದನ್ನು ಉತ್ತರ ಕರ್ನಾಟಕದ ಹಳೆಯ ಮನೆತನದವರು ಚೆನ್ನಾಗಿ ಬಲ್ಲರು. ಅಜ್ಜನ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ ಕಾಗದವಿರುತ್ತದೆ. ಕಾಗದಕ್ಕೆ ಒಂದು ತೂತೂ ಬಿದ್ದಿರುವುದಿಲ್ಲ. ಹೊಲ ಯಾರದೆಂಬುದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಓದಿ ಹೇಳುವವರು ಮಾತ್ರ ಊರಿನಲ್ಲಿ ಯಾರೂ ಉಳಿದಿರುವುದಿಲ್ಲ.

‘ಕಡತ’ವೆಂಬ ಆ ಹಳೆಯ ಮಾತು ಕಚೇರಿಯ ಕಾಗದದ ಕಟ್ಟಿಗೆ ಸಂದು, ಅಲ್ಲಿಂದ ಈಗ ಗಣಕಯಂತ್ರದೊಳಗಿನ ಫೈಲಿಗೂ ಸಂದಿದೆ. ಹೆಸರಿನೊಡನೆ ಮೋಡಿಯ ಕಾಟವೂ ಹಿಂಬಾಲಿಸಿ ಬಂದಿರುವುದು ಬಹುಮಂದಿಯ ಗಮನಕ್ಕೆ ಬಂದಂತಿಲ್ಲ. ಗಣಕಯಂತ್ರದ ಕಡತಕ್ಕೂ ಒಂದು ಲಿಪಿಯುಂಟು. ಅದನ್ನು ಫಾರ್ಮ್ಯಾಟ್ ಎನ್ನುತ್ತಾರೆ. ಯಾವ ಅಂಕಿ ಎಲ್ಲಿ ಕೂರಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂಬ ಕಟ್ಟಳೆ ಅದು. ಕಟ್ಟಳೆಯನ್ನು ಬಲ್ಲ ತಂತ್ರಾಂಶವಿದ್ದರೆ ಕಡತ ತೆರೆಯುತ್ತದೆ. ಇಲ್ಲದಿದ್ದರೆ ಅದು ಸೊನ್ನೆ ಒಂದುಗಳ ರಾಶಿ. ಪತ್ರ, ಫೋಟೋಗಳ ವಿಷಯದಲ್ಲಿ ಈ ಭಯ ಅಷ್ಟಾಗಿಲ್ಲ. ಭೂಪಟಗಳ ವಿಷಯದಲ್ಲಿ ಬಹಳವಾಗಿ ಉಂಟು. ಇದಕ್ಕೆ ಸಾಕ್ಷಿಯಾಗಿ ಇಂಗ್ಲೆಂಡಿನ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಪ್ರಥಮ ವಿಲಿಯಂ ದೊರೆ ತನ್ನ ರಾಜ್ಯದಲ್ಲಿ ಯಾರ ವಶದಲ್ಲಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಗಿರಣಿ ಇವೆಯೆಂದು ಲೆಕ್ಕಹಾಕಿಸಿ, 1086ರಲ್ಲಿ ‘ಡೂಮ್ಸ್‌ಡೇ’ ಎಂದು ಪ್ರಸಿದ್ಧವಾದ ದಾಖಲೆಯನ್ನು ಮಾಡಿಸಿದನು. ಕುರಿಯ ಚರ್ಮದ ಹಾಳೆ, ಮಸಿ, ಸಂಕ್ಷೇಪಾಕ್ಷರಗಳ ಲ್ಯಾಟಿನ್ ಭಾಷೆ. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅದು ಇಂದಿಗೂ ಇದೆ. ಲ್ಯಾಟಿನ್ ಬಲ್ಲವನೊಬ್ಬನು ಕನ್ನಡಕ ಹಾಕಿಕೊಂಡು ಕುಳಿತರೆ ಅದನ್ನು ಓದಬಲ್ಲನು.

ಆ ಗ್ರಂಥಕ್ಕೆ ಒಂಬೈನೂರು ವರ್ಷ ತುಂಬುವ ಸಂದರ್ಭದಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇಯನ್ನು ಕೈಗೊಂಡಿತು. 1984ರಿಂದ 1986ರವರೆಗೆ ನಡೆದ ಈ ಕೆಲಸದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕೈಜೋಡಿಸಿದರು. ಅವರಲ್ಲಿ ಬಹುಪಾಲು ಶಾಲೆಯ ಮಕ್ಕಳು. ದೇಶವನ್ನೆಲ್ಲ ನಾಲ್ಕು ಕಿಲೋಮೀಟರ್ ಅಗಲ, ಮೂರು ಕಿಲೋಮೀಟರ್ ಎತ್ತರದ ಚೌಕಗಳಾಗಿ ಭೂಪಟದ ಮೇಲೆ ಹಂಚಿ, ಒಂದೊಂದು ಚೌಕವನ್ನು ಒಂದೊಂದು ಶಾಲೆಗೋ ಸಂಘಕ್ಕೋ ಒಪ್ಪಿಸಲಾಯಿತು. ಮಕ್ಕಳು ತಮ್ಮ ಚೌಕದಲ್ಲಿ ತಿರುಗಾಡಿದರು. ಅಂಗಡಿಗಳನ್ನು ಎಣಿಸಿದರು, ಹೊಲಗಳಲ್ಲಿ ಏನು ಬೆಳೆದಿದೆಯೆಂದು ಬರೆದುಕೊಂಡರು, ತಾವು ದಿನವೂ ಏನು ತಿನ್ನುತ್ತೇವೆ, ಏನು ಆಡುತ್ತೇವೆ ಎಂಬುದನ್ನೂ ಸೇರಿಸಿದರು. ಹೀಗೆ ಒಂದು ಲಕ್ಷ ನಲವತ್ತೇಳು ಸಾವಿರಕ್ಕೂ ಮೀರಿದ ಬರಹದ ಪುಟಗಳೂ ಇಪ್ಪತ್ತಮೂರು ಸಾವಿರದಷ್ಟು ಛಾಯಾಚಿತ್ರಗಳೂ ಕೂಡಿದವು. ಇವೆಲ್ಲವನ್ನೂ ಬ್ರಿಟಿಷ್ ಸರ್ವೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ಸಾವಿರಾರು ಭೂಪಟಗಳಿಗೆ ಹೊಂದಿಸಲಾಯಿತು. ಭೂಪಟದ ಮೇಲೆ ಒಂದು ಊರನ್ನು ಆರಿಸಿದರೆ ಆ ಊರಿನ ಮಕ್ಕಳ ಮಾತು ಪರದೆಯ ಮೇಲೆ ಮೂಡುತ್ತಿತ್ತು. ಇಂದು ಮನೆಮನೆಯಲ್ಲಿ ಕಾಣುವ ಸಂಗತಿ. 1986ರಲ್ಲಿ ಇದು ಪವಾಡ.

ಖರ್ಚು ಇಪ್ಪತ್ತೈದು ಲಕ್ಷ ಪೌಂಡು. ಸಂಗ್ರಹವನ್ನು ಹನ್ನೆರಡು ಅಂಗುಲದ ಲೇಸರ್ ತಟ್ಟೆಗಳ ಮೇಲೆ ಮುದ್ರಿಸಿದರು. ಆ ತಟ್ಟೆ ಸಾಮಾನ್ಯವಾದುದಲ್ಲ. ಭೂಪಟಗಳೂ ಚಿತ್ರಗಳೂ ಅದರಲ್ಲಿ ಟೆಲಿವಿಷನ್ನಿನ ದೃಶ್ಯಗಳಂತೆ ಅಡಕವಾಗಿದ್ದವು. ಬರಹವೂ ಅಂಕಿಅಂಶವೂ ಅದೇ ತಟ್ಟೆಯಲ್ಲಿ ಗಣಕದ ಸಂಕೇತಗಳಾಗಿದ್ದವು. ಇವೆರಡನ್ನೂ ಒಟ್ಟಿಗೆ ಓದಲು ಫಿಲಿಪ್ಸ್ ಕಂಪನಿಯು ಈ ಕೆಲಸಕ್ಕೆಂದೇ ಮಾಡಿದ ಒಂದು ಯಂತ್ರ ಬೇಕಿತ್ತು. ಆ ಯಂತ್ರಕ್ಕೆ ಏಕಾರ್ನ್ ಕಂಪನಿಯ ಬಿ.ಬಿ.ಸಿ. ಮಾಸ್ಟರ್ ಗಣಕ, ಆ ಗಣಕಕ್ಕೆ ಹೆಚ್ಚಿನ ಕೆಲವು ಭಾಗಗಳು, ಅವುಗಳ ಮೇಲೆ ಓಡಲು ಬಿ.ಸಿ.ಪಿ.ಎಲ್. ಎಂಬ ಭಾಷೆಯಲ್ಲಿ ಬರೆದ ತಂತ್ರಾಂಶ. ಎಲ್ಲವೂ ಸೇರಿ ಬೆಲೆ ಸಾವಿರಾರು ಪೌಂಡು. ಪಾಪ, ಚೌಕಗಳನ್ನು ಸುತ್ತಿ ಬರೆದ ಶಾಲೆಗಳಿಗೇ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಬಹುಮಂದಿ ಮಕ್ಕಳು ತಾವು ಬರೆದದ್ದನ್ನು ತೆರೆಯ ಮೇಲೆ ಕಾಣಲೇ ಇಲ್ಲ.

ಯಂತ್ರಗಳು ಒಂದೊಂದಾಗಿ ಕೆಟ್ಟವು. ಹೊಸದನ್ನು ಮಾಡುವವರಿರಲಿಲ್ಲ. 2002ರ ಹೊತ್ತಿಗೆ, ಹದಿನೈದು ವರ್ಷದ ಈ ಡೂಮ್ಸ್‌ಡೇಯನ್ನು ಓದುವುದು ಒಂಬೈನೂರು ವರ್ಷದ ಡೂಮ್ಸ್‌ಡೇಯನ್ನು ಓದುವುದಕ್ಕಿಂತ ಕಷ್ಟವೆಂದು ಲಂಡನ್ನಿನ ಪತ್ರಿಕೆಗಳಲ್ಲಿ ಕೂಗೆದ್ದಿತು. ಕೂಗಿನಲ್ಲಿ ಅತಿಶಯೋಕ್ತಿ ಸ್ವಲ್ಪ ಇದ್ದೀತು. ಕೆಲಸ ಮಾಡುವ ಯಂತ್ರಗಳು ಅಲ್ಲಲ್ಲಿ ಉಳಿದಿದ್ದವು. ಆದರೆ ಭಯ ಸುಳ್ಳಾಗಿರಲಿಲ್ಲ.

ಅಮೇಲಿನ ಕಥೆ ಉಜ್ಜೀವನದ್ದು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳವರು ‘ಕೆಮಿಲಿಯಾನ್’ ಎಂಬ ಯೋಜನೆಯಲ್ಲಿ, ಹಳೆಯ ಗಣಕದ ನಡೆನುಡಿಗಳನ್ನೆಲ್ಲ ಹೊಸ ಗಣಕದೊಳಗೆ ಅನುಕರಿಸುವ ತಂತ್ರಾಂಶ ಬರೆದು, 2002ರ ಕೊನೆಯಲ್ಲಿ ಅದನ್ನು ತೋರಿಸಿದರು. ಚಿತ್ರಗಳ ಮೂಲ ವೀಡಿಯೊ ಟೇಪುಗಳು ಸುದೈವದಿಂದ ಉಳಿದಿದ್ದವು. ಅವುಗಳಿಂದ ಹೊಸ ಪ್ರತಿಗಳಾದವು. ಹವ್ಯಾಸಿಯೊಬ್ಬನು ತಟ್ಟೆಯ ಕಟ್ಟಳೆಯನ್ನು ತಾನೇ ಬಿಡಿಸಿಕೊಂಡು, 2004ರಲ್ಲಿ ಸಂಗ್ರಹದ ಬಹುಭಾಗವನ್ನು ಅಂತರಜಾಲದಲ್ಲಿಟ್ಟನು. 2008ರಲ್ಲಿ ಅವನು ಅನಿರೀಕ್ಷಿತವಾಗಿ ತೀರಿಕೊಂಡಾಗ ಆ ತಾಣವೂ ಮುಚ್ಚಿತು! ಒಂದು ರಾಷ್ಟ್ರದ ದಾಖಲೆ ಒಬ್ಬ ಮನುಷ್ಯನ ಆಯುಸ್ಸಿಗೆ ಗಂಟುಬಿದ್ದಿತ್ತೆಂದರೆ ಮತ್ತೇನು ಹೇಳಬೇಕು? 2011ರಲ್ಲಿ ಬಿ.ಬಿ.ಸಿ.ಯೇ ಅದನ್ನು ಮತ್ತೆ ಅಂತರಜಾಲಕ್ಕೆ ತಂದಿತು. 2018ರಲ್ಲಿ ಆ ತಾಣವೂ ನಿಂತು, ಅದರ ಪ್ರತಿ ರಾಷ್ಟ್ರೀಯ ಪತ್ರಾಗಾರದ ಅಂತರಜಾಲ ಭಂಡಾರಕ್ಕೆ ಸೇರಿತು. ಇಪ್ಪತ್ತೈದು ಲಕ್ಷ ಪೌಂಡಿನ ಕೆಲಸವನ್ನು ಉಳಿಸಿಕೊಳ್ಳಲು ಹತ್ತಾರು ಜನರ ವರ್ಷಗಟ್ಟಲೆ ದುಡಿಮೆ ಬೇಕಾಯಿತು. ತಟ್ಟೆಯೇನೂ ಸವೆದಿರಲಿಲ್ಲ, ಲಿಪಿ ಸತ್ತಿತ್ತು.

ಭೂಪಟಕ್ಕೇ ಈ ಕಷ್ಟ ಹೆಚ್ಚೇಕೆ? ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿದವರಿಗೆ ಅದೊಂದು ಚಿತ್ರ. ಗಣಕದೊಳಗಿನ ಭೂಪಟ ಚಿತ್ರವೆನ್ನುವುದಕ್ಕಿಂತ ಒಂದು ಸಂಸಾರ. ಕೆರೆಯ ಅಂಚಿನ ಒಂದೊಂದು ಬಿಂದುವಿನ ಅಕ್ಷಾಂಶ ರೇಖಾಂಶಗಳು ಒಂದು ಕಡೆ. ಕೆರೆಯ ಹೆಸರು, ವಿಸ್ತೀರ್ಣ, ಸರ್ವೆ ನಂಬರು ಇನ್ನೊಂದು ಕಡೆ. ಕೆರೆಗೆ ನೀಲಿ, ರಸ್ತೆಗೆ ಕೆಂಪು ಬಳಿಯಬೇಕೆಂಬ ಆದೇಶ ಮತ್ತೊಂದು ಕಡೆ. ಇವೆಲ್ಲಕ್ಕೂ ಮೇಲೆ, ಗುಂಡಗಿನ ಭೂಮಿಯನ್ನು ಯಾವ ಲೆಕ್ಕದಿಂದ ಚಪ್ಪಟೆ ಮಾಡಲಾಗಿದೆ, ಭೂಮಿಯ ಗಾತ್ರವನ್ನು ಎಷ್ಟೆಂದು ಹಿಡಿಯಲಾಗಿದೆ ಎಂಬ ಮಾಹಿತಿ. ಈ ಕೊನೆಯದು ಕಳೆದುಹೋದರೆ ಭೂಪಟ ತೆರೆದುಕೊಳ್ಳುತ್ತದೆ, ಸುಂದರವಾಗಿಯೂ ಕಾಣುತ್ತದೆ, ಆದರೆ ಸುಳ್ಳು ಹೇಳುತ್ತದೆ.

ಕನ್ನಡ ನಾಡಿಗೆ ಇದು ದೂರದ ವಿಷಯವಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಣಿ ಹಿಡಿದು ಆಧಾರರೇಖೆಯನ್ನು ಅಳೆದನು. ಅನಂತರ ಭಾರತವನ್ನೆಲ್ಲ ತ್ರಿಕೋನಗಳಿಂದ ಅಳೆದ ಮಹಾಕಾರ್ಯದಿಂದ ಹೊರಟದ್ದು, 1830ರಲ್ಲಿ ಜಾರ್ಜ್ ಎವರೆಸ್ಟ್ ನಿಗದಿ ಮಾಡಿದ ಭೂಮಿಯ ಅಳತೆ. ಭಾರತದ ಸರ್ವೆ ಇಲಾಖೆಯ ಭೂಪಟಗಳು ಒಂದೂವರೆ ಶತಮಾನಕ್ಕೂ ಮೀರಿ ಆ ಅಳತೆಯನ್ನೇ ನಂಬಿದ್ದವು. 2005ರ ರಾಷ್ಟ್ರೀಯ ಭೂಪಟ ನೀತಿಯ ಅನಂತರ ಸಾರ್ವಜನಿಕರಿಗಾಗಿ ಹೊರಟ ಭೂಪಟಗಳು ಉಪಗ್ರಹಗಳ ಯುಗದ ಬೇರೊಂದು ಅಳತೆಯನ್ನು ಹಿಡಿದಿವೆ. ಎರಡರಲ್ಲೂ ಅಕ್ಷಾಂಶ ರೇಖಾಂಶಗಳ ಅಂಕಿಗಳು ಒಂದೇ ಬಗೆಯಾಗಿ ಕಾಣುತ್ತವೆ. ಯಾವುದು ಯಾವ ಅಳತೆಯದೆಂದು ಕಡತದಲ್ಲಿ ಬರೆದಿಡದಿದ್ದರೆ, ಒಂದನ್ನು ಇನ್ನೊಂದರ ಮೇಲೆ ಹಾಸಿದಾಗ ಕೆರೆಯ ಏರಿ ಬೀದಿಯ ಆಚೆಗೆ ಸರಿದು ಕೂರುತ್ತದೆ. ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡ ಗೃಹಸ್ಥನ ಮನೆಯೊಳಕ್ಕೆ ಮಳೆಗಾಲದಲ್ಲಿ ನೀರು ನುಗ್ಗಿತೆನ್ನಿ. ಇಲ್ಲಿ ಹಿಂದೆ ರಾಜಕಾಲುವೆ ಇತ್ತೇ ಎಂದು ಅವನು ಕೇಳುತ್ತಾನೆ. ಉತ್ತರ ಸಿಗುವುದು ಹಳೆಯ ಗ್ರಾಮ ನಕಾಶೆಯಲ್ಲಿ; ಅದು ಕಾಗದದ್ದಾದ್ದರಿಂದ ನ್ಯಾಯಾಲಯದ ಮೇಜಿನ ಮೇಲೆ ಬಿಚ್ಚಿ ಹರಡಬಹುದು. ಅವನ ಮೊಮ್ಮಗನು ಇದೇ ಪ್ರಶ್ನೆಯನ್ನು ಕೇಳುವ ದಿನ, ಇಂದಿನ ಗಣಕದ ನಕಾಶೆ ಬಿಚ್ಚಿಕೊಂಡೀತೇ?

ಭೂಪಟವನ್ನು ಗಣಕಕ್ಕೆ ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಇಳಿಸಿದ ಕೆನಡಾ ದೇಶಕ್ಕೂ ಇದರ ಬಿಸಿ ತಟ್ಟಿತ್ತು. 1960ರ ದಶಕದಲ್ಲಿ ರೋಜರ್ ಟಾಮ್ಲಿನ್‌ಸನ್ ಎಂಬಾತನ ನೇತೃತ್ವದಲ್ಲಿ, ಆ ದೇಶದ ಇಪ್ಪತ್ತೈದು ಲಕ್ಷ ಚದರ ಕಿಲೋಮೀಟರ್ ನೆಲ ಬೇಸಾಯಕ್ಕೆ ತಕ್ಕುದೋ, ಕಾಡಿಗೆ ತಕ್ಕುದೋ ಎಂಬ ವಿವರವನ್ನೆಲ್ಲ ಅಯಸ್ಕಾಂತದ ಟೇಪುಗಳಿಗೆ ಇಳಿಸುವ ವ್ಯವಸ್ಥೆ ಹುಟ್ಟಿತು. ಬೇರೆ ಮಾದರಿಯಿರಲಿಲ್ಲವಾದ್ದರಿಂದ ಅವರು ತಮ್ಮದೇ ಕಟ್ಟಳೆಯನ್ನು ಕಟ್ಟಿಕೊಂಡರು. ಕಾಲಕ್ರಮದಲ್ಲಿ ಆ ವ್ಯವಸ್ಥೆ ಮೂಲೆಗೆ ಸರಿಯಿತು, ಟೇಪುಗಳು ಉಳಿದವು. ಹಳೆಯ ವ್ಯವಸ್ಥೆಯನ್ನು ಕೈಯಾರೆ ಬಲ್ಲವರು ಇನ್ನೂ ಇದ್ದಾಗಲೇ, 1990ರ ದಶಕದಲ್ಲಿ ಅದನ್ನು ಹೊಸ ರೂಪಕ್ಕೆ ತಂದುದರಿಂದ ಅದು ಬದುಕಿತು.

ಹಾಗಾದರೆ ಕಡತವನ್ನು ಯಾವ ಲಿಪಿಯಲ್ಲಿ ಬರೆದಿಡಬೇಕು? ಪತ್ರಾಗಾರದವರು ಇಂದು ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಕಟ್ಟಳೆ ಬಹಿರಂಗವಾಗಿ ಅಚ್ಚಾಗಿದೆಯೇ? ಒಂದೇ ಕಂಪನಿಯ ಕಪಾಟಿನಲ್ಲಿ ಬೀಗಹಾಕಿದ ಕಟ್ಟಳೆಯಾದರೆ ಆ ಕಂಪನಿಯ ಬಾಗಿಲೊಡನೆ ಭೂಪಟದ ಬಾಗಿಲೂ ಮುಚ್ಚೀತು. ಅಚ್ಚಾದ ಕಟ್ಟಳೆಯಿದ್ದರೆ, ತಂತ್ರಾಂಶಗಳೆಲ್ಲ ಅಳಿದರೂ, ಮುಂದಿನ ಶತಮಾನದ ಜಾಣನೊಬ್ಬನು ಅದನ್ನು ಓದಿ ಹೊಸ ತಂತ್ರಾಂಶ ಬರೆದಾನು. ಬಹಳ ಮಂದಿ ಬಳಸುತ್ತಿರುವ ರೂಪವೇ ಎಂಬುದು ಅದರ ಬೆನ್ನಿಗೇ ಬರುವ ವಿಚಾರ. ಬಳಕೆಯಲ್ಲಿರುವ ಲಿಪಿ ಬೇಗ ಸಾಯುವುದಿಲ್ಲ.

ಈ ಒರೆಗಲ್ಲಿಗೆ ‘ಶೇಪ್‌ಫೈಲ್’ ಎಂಬ ಪ್ರಸಿದ್ಧ ರೂಪವನ್ನು ಹಚ್ಚಿ ನೋಡಬಹುದು. ಅಮೆರಿಕದ ಎಸ್ರಿ ಕಂಪನಿಯು 1990ರ ದಶಕದಲ್ಲಿ ಇದನ್ನು ಹೊರತಂದು, 1998ರಲ್ಲಿ ಕಟ್ಟಳೆಯನ್ನು ಪ್ರಕಟಿಸಿತು. ಆ ಒಂದು ಔದಾರ್ಯದಿಂದಲೇ ಅದು ಜಗತ್ತಿಗೆಲ್ಲ ಹರಡಿತು; ಇಂದು ಅದನ್ನು ತೆರೆಯಲಾರದ ಭೂಪಟ ತಂತ್ರಾಂಶ ಸಿಕ್ಕುವುದು ಕಷ್ಟ. ದೀರ್ಘಾಯುಷ್ಯಕ್ಕೆ ಬೇಕಾದ ಯೋಗವೆಲ್ಲ ಜಾತಕದಲ್ಲಿದೆ ಎನ್ನಬೇಕು. ದೋಷಗಳೂ ಹೇರಳವಾಗಿವೆ. ಹೆಸರಿಗೆ ಒಂದು ಕಡತ. ವಾಸ್ತವದಲ್ಲಿ ಕನಿಷ್ಠ ಮೂರು, ಸಾಮಾನ್ಯವಾಗಿ ನಾಲ್ಕೈದು. ಭೂಮಿಯ ಅಳತೆಯನ್ನು ಹೇಳತಕ್ಕ ಸಣ್ಣ ಕಡತವಂತೂ ‘ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು’ ಎಂಬ ವರ್ಗದ್ದು. ಒಬ್ಬರಿಂದೊಬ್ಬರಿಗೆ ಪ್ರತಿಮಾಡುವಾಗ ಬಿಟ್ಟುಹೋಗುವುದು ಹೆಚ್ಚಾಗಿ ಅದೇ. ಮೆರವಣಿಗೆಯಲ್ಲಿ ಪಲ್ಲಕ್ಕಿ, ವಾದ್ಯ, ಛತ್ರಿ ಎಲ್ಲ ಬಂದು, ದೇವರನ್ನು ಗುಡಿಯಲ್ಲೇ ಮರೆತು ಬಂದಂತೆ.

ಕನ್ನಡಕ್ಕೆ ಇದು ಕೊಡುವ ಕಾಟ ಬೇರೆಯೇ ಉಂಟು. ವಿವರಗಳ ಪಟ್ಟಿಗೆ ಶೇಪ್‌ಫೈಲ್ ಬಳಸುವುದು 1980ರ ದಶಕದ ಡಿಬೇಸ್ ಎಂಬ ಹಳೆಯ ವ್ಯವಸ್ಥೆಯನ್ನು. ಪಟ್ಟಿಯ ಅಂಕಣದ ತಲೆಬರಹಕ್ಕೆ ಅಲ್ಲಿ ಹತ್ತೇ ಮನೆಗಳು. ಇಂಗ್ಲಿಷಿಗೆ ಮನೆಗೊಂದು ಅಕ್ಷರ. ಯೂನಿಕೋಡಿನ ಈಗಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಅದಕ್ಕೆ ಹಚ್ಚುವ ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಮನೆ ಬೇಕು. ‘ಊರು’ ಎಂಬುದು ಒಂಬತ್ತು ಮನೆಗಳಲ್ಲಿ ಹೇಗೋ ಹಿಡಿಸುತ್ತದೆ. ‘ನದಿ’ಯೂ ಹಿಡಿಸುತ್ತದೆ. ‘ಕೆರೆ’ ಹಿಡಿಸುವುದಿಲ್ಲ! ಅದಕ್ಕೆ ಹನ್ನೆರಡು ಮನೆ ಬೇಕು. ಹತ್ತಕ್ಕೆ ಕತ್ತರಿಸಿದರೆ ‘ಕೆರ’ ಎಂದಾಗಿ, ಕೊನೆಯಲ್ಲಿ ಅರ್ಥವಿಲ್ಲದ ಒಂದು ತುಣುಕು ಉಳಿಯುತ್ತದೆ. ಊರಿನ ಕೆರೆಯನ್ನು ಭೂಪಟದಲ್ಲಿ ಹುಡುಕಿದವನಿಗೆ ಸಿಕ್ಕುವುದು ಕಾಲಿನ ಮೆಟ್ಟು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಬಳಕೆಗೆ ಬರುವುದು ತಡವಾಯಿತು. ನಡುವಣ ವರ್ಷಗಳಲ್ಲಿ ನಾಡಿನ ಊರುಕೇರಿಗಳ ಹೆಸರುಗಳನ್ನು ಆಯಾ ಕಾಲದ ಬೆರಳಚ್ಚು ತಂತ್ರಾಂಶಗಳ ಸ್ವಂತ ಸಂಕೇತಗಳಲ್ಲಿ ಬೆರಳಚ್ಚಿಸಿದ್ದುಂಟು. ಕಡತದೊಳಗೆ ನಿಜವಾಗಿ ಕೂತಿರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ತಕ್ಕ ಅಚ್ಚಿನ ಮೊಳೆ ಗಣಕದಲ್ಲಿದ್ದಾಗ ಮಾತ್ರ ಅದು ಕನ್ನಡದ ವೇಷ ಹಾಕುತ್ತದೆ. ಆ ಮೊಳೆಯಿಲ್ಲದ ಗಣಕದಲ್ಲಿ ತೆರೆದರೆ ಹಳ್ಳಿಗಳ ಪಟ್ಟಿ ಮೋಡಿಗಿಂತಲೂ ಮೋಡಿಯಾಗುತ್ತದೆ. ಇವನ್ನು ಯೂನಿಕೋಡಿಗೆ ತಿರುಗಿಸುವ ಉಪಾಯಗಳು ಇಂದು ಸುಲಭವಾಗಿ ಸಿಕ್ಕುತ್ತವೆ. ಹಳೆಯ ಸಂಕೇತಗಳ ಪರಿಚಯವಿರುವವರು ಇನ್ನೂ ನೌಕರಿಯಲ್ಲಿರುವಾಗಲೇ ಈ ಕೆಲಸ ಮುಗಿಯತಕ್ಕದ್ದು. ಕೆನಡಾದವರು ಟೇಪುಗಳನ್ನು ಉಳಿಸಿಕೊಂಡದ್ದು ಹಾಗೆಯೇ.

ಶೇಪ್‌ಫೈಲಿಗೆ ಬದಲಾಗಿ ಬಂದಿರುವುದು ‘ಜಿಯೋಪ್ಯಾಕೇಜ್’. ಅನೇಕ ಸಂಸ್ಥೆಗಳು ಕೂಡಿರುವ ಮುಕ್ತ ಭೂಮಾಹಿತಿ ಒಕ್ಕೂಟವು 2014ರಲ್ಲಿ ಇದಕ್ಕೆ ಮುದ್ರೆಯೊತ್ತಿತು. ಬಿಂದು, ಗೆರೆ, ಹೆಸರು, ಅಳತೆ ಎಲ್ಲವೂ ಒಂದೇ ಕಡತದಲ್ಲಿ. ಹೆಸರಿಗೆ ಹತ್ತರ ಕಟ್ಟಿಲ್ಲ. ದೇವರನ್ನು ಗುಡಿಯಲ್ಲಿ ಮರೆಯುವ ಪ್ರಮೇಯ ಕಡಮೆ. ಇದು ನಿಂತಿರುವುದು ‘ಎಸ್‌ಕ್ಯುಲೈಟ್’ ಎಂಬ ದತ್ತಸಂಗ್ರಹದ ಮೇಲೆ. ಅದನ್ನು 2050ರವರೆಗಾದರೂ ನೋಡಿಕೊಳ್ಳುವ ಸಂಕಲ್ಪವನ್ನು ಅದರ ಕರ್ತೃಗಳು ಪ್ರಕಟಿಸಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಂರಕ್ಷಣೆಗೆ ತಕ್ಕ ರೂಪಗಳ ಪಟ್ಟಿಯಲ್ಲಿ ಸೇರಿಸಿದೆ. ಇನ್ನೊಂದು ದಾರಿ ‘ಜಿ.ಎಂ.ಎಲ್.’, 2007ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಇದು ಎಲ್ಲವನ್ನೂ ಸರಳ ಅಕ್ಷರಗಳಲ್ಲೇ ಬರೆದಿಡುತ್ತದೆ. ಕಡತ ಹೊಟ್ಟೆಬಾಕನಂತೆ ಊದಿಕೊಳ್ಳುತ್ತದೆ, ನಿಜ. ಆದರೆ ಭೂಪಟ ತಂತ್ರಾಂಶ ಒಂದೂ ಇಲ್ಲದಿದ್ದರೂ ಕಣ್ಣಿನಿಂದಲೇ ಓದಿ ಅರ್ಥಮಾಡಿಕೊಳ್ಳಬಹುದು. ಅಂತರಜಾಲದಲ್ಲಿ ಬಹು ಜನಪ್ರಿಯವಾದ ‘ಜಿಯೋಜೇಸನ್’ ಸಹ ಹೀಗೆಯೇ ಸರಳ. ಆದರೆ 2016ರ ಅದರ ಕಟ್ಟಳೆ ಉಪಗ್ರಹದ ಅಳತೆಯೊಂದನ್ನೇ ಒಪ್ಪುತ್ತದೆ. ಎವರೆಸ್ಟನ ಅಳತೆಯ ಹಳೆಯ ನಕಾಶೆಯನ್ನು ಅದರೊಳಗಿಡಬೇಕಾದರೆ ಅಂಕಿಗಳನ್ನೇ ಬದಲಿಸಬೇಕು. ಓಡಾಟಕ್ಕೆ ಸರಿ, ಮೂಲಪ್ರತಿಗೆ ಸಲ್ಲದು.

ಕಾಗದದ ನಕಾಶೆಗಳನ್ನು ಸ್ಕ್ಯಾನ್ ಮಾಡಿದ ಚಿತ್ರಗಳ ಮಾತು ಚಿಕ್ಕದು. 1986ರಲ್ಲಿ ಹುಟ್ಟಿದ ‘ಟಿಫ್’ ರೂಪಕ್ಕೆ ಭೂಮಿಯ ಮೇಲಿನ ವಿಳಾಸವನ್ನೂ ಸೇರಿಸಿದ ‘ಜಿಯೋಟಿಫ್’ ಇವಕ್ಕೆ ಒಪ್ಪುವ ಮನೆ; 2019ರಲ್ಲಿ ಅದೇ ಒಕ್ಕೂಟದ ಮಾನಕವೂ ಆಯಿತು. ಜಾಗ ಉಳಿಸುವ ಆಸೆಯಿಂದ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ರೂಪಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಮದುವೆಯ ಫೋಟೋವಿನಲ್ಲಿ ಸೀರೆಯ ಒಂದು ಎಳೆ ಮಸುಕಾದರೆ ಯಾರಿಗೂ ನಷ್ಟವಿಲ್ಲ. ನಕಾಶೆಯಲ್ಲಿ ಮಸುಕಾಗುವ ಕೂದಲೆಳೆಯ ಗೆರೆ ಎರಡು ಮನೆಗಳ ನಡುವಣ ಗಡಿಯಾಗಿರಬಹುದು. ಒಮ್ಮೆ ಹಿಂಡಿ ಎಸೆದದ್ದು ಮತ್ತೆ ಬರುವುದಿಲ್ಲ.

ಎಂಥ ಒಳ್ಳೆಯ ರೂಪವನ್ನು ಆರಿಸಿದರೂ ಮೂಲ ಕಡತವನ್ನು ಹೊಸದರ ಪಕ್ಕದಲ್ಲೇ ಇಟ್ಟಿರಬೇಕೆಂಬುದು ಪತ್ರಾಗಾರದವರ ಕಟ್ಟುನಿಟ್ಟು. ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವಾಗ ಏನಾದರೊಂದು ಸೋರಿಹೋಗಿರುತ್ತದೆ. ಏನು ಸೋರಿತೆಂಬುದು ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ. ಡೂಮ್ಸ್‌ಡೇಯ ವಿಷಯದಲ್ಲಿಯೇ, ಅಂತರಜಾಲದ ಪ್ರತಿಗಳೆಲ್ಲ ಆದ ಮೇಲೂ ಇಂಗ್ಲೆಂಡಿನ ಕೆಲವು ಹವ್ಯಾಸಿಗಳು ತೃಪ್ತರಾಗಿಲ್ಲ. ತಟ್ಟೆಯ ಮೇಲೆ ಲೇಸರ್ ಕಿರಣ ಬಿದ್ದಾಗ ಹೊರಡುವ ಮೂಲ ಸಂಕೇತವನ್ನೇ, ಯಾವ ಅರ್ಥವನ್ನೂ ಹಚ್ಚದೆ, ಇದ್ದದ್ದು ಇದ್ದಂತೆ ಹಿಡಿದಿಡುವ ಉಪಕರಣವನ್ನು ಅವರು ತಯಾರಿಸಿ, ಅದರ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಬ್ಲೆಚ್ಲಿಯಲ್ಲಿರುವ ಗಣಕಗಳ ವಸ್ತುಸಂಗ್ರಹಾಲಯದಲ್ಲಿ ಹಳೆಯ ಡೂಮ್ಸ್‌ಡೇ ಯಂತ್ರವನ್ನು ದುರಸ್ತಿಮಾಡಿ ನೋಡುಗರಿಗಾಗಿ ಇಟ್ಟಿದ್ದಾರೆ. ಅಂದು ಊರು ಸುತ್ತಿ ಅಂಗಡಿಗಳನ್ನೆಣಿಸಿದ ಮಕ್ಕಳಿಗೆ ಇಂದು ಐವತ್ತರ ಆಸುಪಾಸು. ಅವರಲ್ಲಿ ಯಾರಾದರೂ ಅಲ್ಲಿಗೆ ಹೋದರೆ, ಭೂಪಟದ ಮೇಲೆ ತಮ್ಮ ಚೌಕವನ್ನು ಆರಿಸಿ, ಶಾಲೆಯಲ್ಲಿ ಕುಳಿತು ಬರೆದ ಸಾಲುಗಳನ್ನು ಮೊದಲ ಬಾರಿಗೆ ತೆರೆಯ ಮೇಲೆ ಓದಬಹುದು.